ಸತ್ತ ಮೇಲೂ ಬೆಳೆದ ಟರ್ಕಿ ಕೋಳಿ

ಜಯಪಾಲ ಟೆಕ್ಸಾಸಿನ ಕಾಡಿನಲ್ಲಿ ಹೊಡೆದ ಟರ್ಕಿ ಕೋಳಿ ಸತ್ತ ಮೇಲೂ ಬೆಳೆಯುತ್ತಿತ್ತು. ಅಂಥ ಕೋಳಿ ಭೂಮಂಡಲದಲ್ಲಿ ಅದೊಂದೇ. ಆಫೀಸಿನ ಟ್ರೈನಿಂಗ್ ಮುಗಿಸಿ ದುಬೈಗೆ ಮರಳಿದಾಗ ಎಂಟು ಕಿಲೋ ಇದ್ದದ್ದು, ಅಲ್ ಬರ್ಷಾದ ಅವನ ಫ್ಲ್ಯಾಟಿನಲ್ಲಿ ನಾಲ್ಕು ಜನ ಸೇರಿದಾಗಲೆಲ್ಲ ಮೈತುಂಬಿಕೊಂಡು ಈಗ ಇಪ್ಪತ್ತೆರಡಕ್ಕೆ ಮುಟ್ಟಿತ್ತು. ಅದು ರೆಕ್ಕೆ ಬಡಿದರೆ ಓಕ್ ಮರಗಳು ಬಾಗುತ್ತಿದ್ದವಂತೆ. ಜಯಪಾಲ ಹೇಂಟೆಯ ದನಿ ತೆಗೆದು ಕರೆದರೆ ಮೂರು ಊರಿನ ಹುಂಜಗಳು ಹೆಂಡತಿ ಮಕ್ಕಳನ್ನು ಬಿಟ್ಟು ಓಡಿ ಬರುತ್ತಿದ್ದವಂತೆ. ಗೋಡೆಯ ಮೇಲೆ ಫೋಟೊ ಬೇರೆ: ಕೈಯಲ್ಲಿ ಕೋಳಿ, ಮುಖದಲ್ಲಿ ಕೋಳಿಗಿಂತ ದೊಡ್ಡ ನಗು.

ನಿಜಕ್ಕೂ ಅದನ್ನು ಹೊಡೆದವನು ಅಲ್ಲಿಯ ಸಹೋದ್ಯೋಗಿ ಥಾಮಸ್. ಆಗ ಜಯಪಾಲ ಪೊದೆಯ ಹಿಂದೆ ಗೊರಕೆ ಹೊಡೆಯುತ್ತಿದ್ದ. ಒಂಬತ್ತು ವರ್ಷದ ಮಗಳು ತೃಷಾ ಮಾತ್ರ ಪ್ರತಿ ಕಿಲೋವನ್ನೂ ನಂಬಿದ್ದಳು. ಅವಳು ಬಾಯಿ ತೆರೆದು ಕೇಳುವುದನ್ನು ನೋಡಲೆಂದೇ ಅವನು ಆ ಸತ್ತ ಕೋಳಿಗೆ ಮೇವು ಹಾಕುತ್ತಿದ್ದ.

ಒಂದು ಶನಿವಾರ ಅಪ್ಪ ಮಗಳು ಅಬುಧಾಬಿಯ ಖಲೀಫಾ ಸಿಟಿಗೆ, ಗೆಳೆಯ ಅಬ್ದುಲ್ ರವೂಫನ ವಿಲ್ಲಾಗೆ ಊಟಕ್ಕೆ ಹೋದರು. ನೋಡಿದರೆ, ರವೂಫ್ ಸಾಕಿದ್ದ ಟರ್ಕಿ ಹುಂಜ ಗೂಡಿನಿಂದ ತಪ್ಪಿಸಿಕೊಂಡು ಹಿಂದಿನ ಮರಳು ಬಯಲಲ್ಲಿ ನಿಂತಿತ್ತು.

"ಟೆಕ್ಸಾಸ್ ಹುಲಿ ಇಲ್ಲೇ ಉಂಟಲ್ಲ! ಯಲ್ಲಾ, ಬನ್ನಿ ಜಯಪಾಲಣ್ಣ, ಕರೀರಿ ಅದನ್ನ," ಎಂದ ರವೂಫ್.

"ಇದೆಂತ ಮಾರಾಯ್ರೇ, ಪಿಳ್ಳೆ. ನನ್ನ ಲೆವೆಲ್ಲಿಗೆ ಅಲ್ಲ."

"ಪಪ್ಪಾ, ಪ್ಲೀಸ್! ಡು ದ ಸೌಂಡ್!" ತೃಷಾ ಕುಣಿದಳು.

ಜಯಪಾಲ ರವೂಫನ ಕೆಂಪು ಚೌಕಳಿಯ ತಲೆವಸ್ತ್ರವನ್ನು ಗತ್ತಿನಿಂದ ಸುತ್ತಿಕೊಂಡ. ಟರ್ಕಿ ಬೇಟೆಗೆ ಹೋಗುವವರು ಕೆಂಪು ತೊಡುವುದಿಲ್ಲ; ಹುಂಜದ ಕಣ್ಣಿಗೆ ಕೆಂಪು ತಲೆಯೆಂದರೆ ಎದುರಾಳಿ. ಥಾಮಸ್ ಅದನ್ನು ಹೇಳುವಾಗಲೂ ಜಯಪಾಲ ತೂಕಡಿಸುತ್ತಿದ್ದ. ಈಗ ಕುಕ್ಕರಗಾಲಲ್ಲಿ ಕೂತು "ಕ್ಯಾಂವ್, ಕ್ಯಾಂವ್" ಎಂದ.

ಹುಂಜ ತಿರುಗಿತು. ಗರಿ ಕೆದರಿ ಲಾರಿಯಷ್ಟಾಯಿತು. ಅಬುಧಾಬಿಯ ಮರಳನ್ನೆಲ್ಲ ಎಬ್ಬಿಸಿಕೊಂಡು ನುಗ್ಗಿತು. ಪಕ್ಕದಲ್ಲಿದ್ದ ಮಗಳನ್ನು ಅಲ್ಲೇ ಬಿಟ್ಟು, ಒಂದು ಚಪ್ಪಲಿಯನ್ನೂ ಬಿಟ್ಟು, ಜಯಪಾಲ ಅಲ್ಲಿ ನಿಂತಿದ್ದ ರವೂಫನ ಪಿಕಪ್ ಗಾಡಿ ಹತ್ತಿ "ಅಯ್ಯೋ ಅಮ್ಮಾ!" ಎಂದು ಕಿರುಚಿದ. ರವೂಫನ ಹೆಂಡತಿ ಜಸೀಲ ಹಿಡಿ ಅಕ್ಕಿ ಚೆಲ್ಲಿ, ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು ಒಳಗೆ ಹೋದಳು.

"ಖಲಾಸ್!" ರವೂಫ್ ಹೊಟ್ಟೆ ಹಿಡಿದುಕೊಂಡ. "ಹೆಂಡತಿ ಮಕ್ಕಳನ್ನು ಬಿಟ್ಟು ಓಡಿದ್ದು ನೀವೇ ಅಲ್ವಾ ಮಾರಾಯ್ರೇ!"

ತೃಷಾ ನಗಲಿಲ್ಲ. ಚಪ್ಪಲಿ ಎತ್ತಿ ತಂದು ಅಪ್ಪನ ಕೈಗೆ ಕೊಟ್ಟಳು. "ಪಪ್ಪ ಬೇಕಂತ್ಲೇ ಓಡಿದ್ದು ಅಂಕಲ್, ಕೋಳಿಗೆ ನೋವಾಗ್ಬಾರ್ದು ಅಂತ," ಎಂದಳು. ಕಣ್ಣು ಕದಲಲಿಲ್ಲ, ದನಿ ನಡುಗಲಿಲ್ಲ. ಥೇಟ್ ಅಪ್ಪನದೇ ಗತ್ತು. ಜಯಪಾಲನಿಗೆ ಪಿಕಪ್ಪಿನಿಂದ ಇಳಿಯುವ ಮನಸ್ಸೇ ಆಗಲಿಲ್ಲ.

ವಾಪಸು ಬರುವಾಗ ಹಿಂದಿನ ಸೀಟಿನಿಂದ ಮೆಲ್ಲಗೆ ಕೇಳಿದಳು: "ಪಪ್ಪಾ, ಮಮ್ಮಿ ಕೇಳಿದ್ರೆ ಈ ಕೋಳಿ ಎಷ್ಟು ಕಿಲೋ ಅಂತ ಹೇಳೋದು?"

ಅಲ್ ಬರ್ಷಾ ತಲುಪುವವರೆಗೂ ಜಯಪಾಲನ ಬಾಯಿಂದ ಒಂದು ಕಿಲೋವೂ ಹೊರಡಲಿಲ್ಲ.