ಗೇಣು ಸಾಕು

ನೀರಲ್ಲಿ ಕರಗುವ ಆ ಕಾಗದದ ಒಂದು ಹಾಳೆಗೆ ಒಂದು ಊಟದ ಬೆಲೆ. ಗ್ಯಾಸಿನ ಸಿಲಿಂಡರಿಗೆ ವೆಲ್ಡರನ ನಾಲ್ಕು ದಿನದ ಕೂಲಿ. ಮೇಜಿನ ಮೇಲೆ ಬಿಚ್ಚಿ ಹಾಕಿದ್ದ ವಾಲ್ವಿನ ಬೆಲೆಯನ್ನು ಎಂಜಿನಿಯರು ಹೇಳಿದಾಗ ಎದುರು ನಿಂತಿದ್ದ ಇಬ್ಬರೂ ತಮ್ಮ ಬೂಟಿನ ತುದಿ ನೋಡಿಕೊಂಡರು. ವಾಲ್ವಿನ ಬಾಯಲ್ಲಿ ಸುಟ್ಟ ಕಾಗದದ ಕಪ್ಪು ಹಕ್ಕಳೆ ಕಚ್ಚಿಕೊಂಡಿತ್ತು.

ಒಬ್ಬ ವೆಲ್ಡರು. ಇನ್ನೊಬ್ಬ ಪೈಪು ಜೋಡಿಸುವ ಫಿಟ್ಟರು, ವೆಲ್ಡರನ ಹೆಂಡತಿಯ ತಮ್ಮ. ಅಳತೆ ಟೇಪು ಸೊಂಟ ಬಿಟ್ಟಿಳಿಯದ ಕಾರಣ ಎಲ್ಲರಿಗೂ ಅವನು ಟೇಪು. ಹೆಣ್ಣು ನೋಡಲು ಹೋದಾಗ ಬಾಗಿಲಿನ ಅಗಲ ಅಳೆದು ಬಂದನಂತೆ ಎಂದು ಜೊತೆಯವರು ನಗುತ್ತಿದ್ದರು. ಸೈಟಿನಲ್ಲಿ ಎಲ್ಲರಿಗೂ ವೆಲ್ಡರು ಮೇಸ್ತ್ರಿ. ಟೇಪು ಮಾತ್ರ ಅಲ್ಲೂ ಭಾವ ಎಂದೇ ಕರೆಯುತ್ತಿದ್ದ.

ಬೆಸುಗೆಯ ಒಳಮೈಗೆ ಗಾಳಿ ತಾಗಿದರೆ ಅದು ಕರಕಲಾಗುತ್ತದೆ. ಅದಕ್ಕೇ ಜೋಡಣೆಯ ಎರಡೂ ಬದಿಗೆ ಪೈಪಿನೊಳಗೆ ಕಾಗದದ ಗೋಡೆ ಅಂಟಿಸಿ ನಡುವೆ ಉರಿಯದ ಗ್ಯಾಸು ತುಂಬುತ್ತಾರೆ. ಕೆಲಸ ಮುಗಿದ ಮೇಲೆ ನೀರು ಬಿಟ್ಟರೆ ಕಾಗದ ಸಕ್ಕರೆಯಂತೆ ಕರಗಿ ಹೋಗುತ್ತದೆ. ಸುಟ್ಟದ್ದು ಮಾತ್ರ ಕರಗುವುದಿಲ್ಲ. ತೆಳು ಪೈಪಿಗೆ ಗೋಡೆ ಗೇಣು ದೂರವಿದ್ದರೆ ಸಾಕು. ದಪ್ಪ ಪೈಪನ್ನು ಬೆಸೆಯುವ ಮೊದಲೇ ಉರಿ ಹಿಡಿದು ಕಾಯಿಸಬೇಕು. ಅದಕ್ಕೆ ಮೊಳ ದೂರ ಬೇಕು, ಇಲ್ಲದಿದ್ದರೆ ಕಾಗದ ಸುಡುತ್ತದೆ.

ಇದನ್ನು ಟೇಪುವಿಗೆ ಕಲಿಸಿದವನೇ ವೆಲ್ಡರು. ಆದರೆ ಈ ಜೋಡಣೆ ಬೆಸೆದ ಶನಿವಾರ ಸಿಲಿಂಡರು ತಳ ಕಂಡಿತ್ತು, ಹೊಸದು ಬರಲು ಸೋಮವಾರವಾಗುತ್ತಿತ್ತು. ನಡುವಿನ ಜಾಗ ಚಿಕ್ಕದಾದಷ್ಟೂ ಗ್ಯಾಸು ಕಡಿಮೆ ಸಾಕು.

"ಭಾವ, ದಪ್ಪ ಪೈಪು. ಮೊಳ ಬೇಕಲ್ವಾ?" ಎಂದು ಟೇಪು ಕೇಳಿದ್ದ.

"ಗೇಣು ಸಾಕು. ನಿನ್ನ ಟೇಪು ಒಳಗಿಡು."

ಈಗ ಎಂಜಿನಿಯರು ಕಾಗದ ಅಂಟಿಸಿದ್ದು ಯಾರೆಂದು ಕೇಳಿದರು. ಟೇಪು ಭಾವನ ಕಡೆ ನೋಡಿದ. ವೆಲ್ಡರನ ಕೈ ಜೇಬಿನಲ್ಲಿದ್ದ ವೆಲ್ಡರ್ ಪರವಾನಗಿಯ ಕಾರ್ಡನ್ನು ತಡವಿತು. ಅದರ ಮೇಲೆ ಒಂದು ಕೆಂಪು ಗೆರೆ ಬಿದ್ದರೆ ಯಾವ ಸೈಟಿನಲ್ಲೂ ಅವನ ಕೈಗೆ ಬೆಸುಗೆಯ ಟಾರ್ಚು ಕೊಡುವುದಿಲ್ಲ. ಫಿಟ್ಟರಿಗೆ ಇಲ್ಲಲ್ಲದಿದ್ದರೆ ಇನ್ನೊಂದೆಡೆ ಕೆಲಸ ಸಿಗುತ್ತದೆ.

"ಕಾಗದ ಅಂಟಿಸೋದು ಫಿಟ್ಟರ್ ಕೆಲಸ ಸಾರ್," ಎಂದ ವೆಲ್ಡರು.

ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮಧ್ಯಾಹ್ನದೊಳಗೆ ಟೇಪುವಿನ ಲೆಕ್ಕ ತೀರಿಸಿ ಕಳಿಸಿದರು.

ವೆಲ್ಡರು ಮನೆ ಮುಟ್ಟುವಷ್ಟರಲ್ಲಿ ಟೇಪು ಬಟ್ಟೆ ಮಡಚುತ್ತಿದ್ದ. ಕೆಲಸಕ್ಕೆ ಸೇರಿದಂದಿನಿಂದ ಅವರ ಮುಂದಿನ ಕೋಣೆಯಲ್ಲೇ ಅವನ ವಾಸ. ಭಾವನ ಮೇಲೆ ಅವನು ಒಂದು ಮಾತೂ ಹೇಳಿರಲಿಲ್ಲ. ಅಕ್ಕನ ಬೈಗುಳ ಕೇಳಿಯೇ ವೆಲ್ಡರನಿಗೆ ಅದು ತಿಳಿಯಿತು.

"ಕೆಲಸ ಕೊಡಿಸಿದವರ ಮುಖಕ್ಕೆ ಮಸಿ ಬಳಿದೆಯಲ್ಲೋ. ಅವರನ್ನ ಒಂದು ಮಾತು ಕೇಳಿ ಅಂಟಿಸೋಕೆ ಏನಾಗಿತ್ತು ನಿಂಗೆ?"

"ಕೇಳ್ಬೇಕಿತ್ತು ಅಕ್ಕ," ಎಂದ ಟೇಪು, ಅಂಗಿಯ ತೋಳು ಮಡಚುತ್ತಾ.

ನಿಜ ಹೇಳಲು ವೆಲ್ಡರನಿಗೆ ಅದೇ ಹೊತ್ತು. ಹೇಳಿದ್ದರೆ ಮನೆಯ ನಾಲ್ಕು ಗೋಡೆ ದಾಟುತ್ತಲೂ ಇರಲಿಲ್ಲ. ಹೆಂಡತಿ ತಟ್ಟೆ ತಂದಿಟ್ಟು, "ನೀವು ಬೇಜಾರು ಮಾಡ್ಕೋಬೇಡಿ," ಎಂದಳು. ಅವನು ತಲೆ ತಗ್ಗಿಸಿ ಕಲಸತೊಡಗಿದ. ಬೇರೆ ಕಂಟ್ರಾಕ್ಟರನಿಗೆ ಹೇಳಿ ನೋಡುತ್ತೇನೆ ಎಂದು ತಟ್ಟೆಯ ಕಡೆಗೇ ಹೇಳಿದ.

ಟೇಪು ಚೀಲ ಹೆಗಲಿಗೇರಿಸಿ ಅಕ್ಕನ ಕಾಲು ಮುಟ್ಟಿದ. ಬಾಗಿಲಲ್ಲಿ ಒಂದು ಗಳಿಗೆ ನಿಂತ.

"ಬರ್ತೀನಿ ಮೇಸ್ತ್ರೀ."

ಇದೇನೋ ಹೊಸದು ಎಂದು ಹೆಂಡತಿ ಗಂಡನ ಮುಖ ನೋಡಿದಳು. ಅವನು ಎದ್ದು ಕೈ ತೊಳೆಯಲು ಹೋದ.

ಕಾರ್ಡಿನ ಮೇಲೆ ಗೆರೆ ಬೀಳಲಿಲ್ಲ. ಅವನನ್ನು ಭಾವ ಎನ್ನಲು ಮಾತ್ರ ಇನ್ನು ಯಾರೂ ಇರಲಿಲ್ಲ.