ಪಂಚಪ್ಪನ ಕೊನೆಯ ಟ್ಯೂಬು

ಯಲಹಂಕದ ಆ ಪ್ರಯೋಗಾಲಯದ ಫ್ರೀಜರ್ ಎಷ್ಟು ತಣ್ಣಗೆಂದರೆ, ಬಾಗಿಲು ತೆರೆದು ತೋರಿಸಿದರೆ ಹಿಮಾಲಯವೂ ಸ್ವೆಟರ್ ಕೇಳೀತು. ಅದರ ಮೇಲಿನ ಅರೆಯಲ್ಲಿ, ತೀರಿಕೊಂಡು ತಿಂಗಳಾದ ಪಂಚಪ್ಪನ ರಕ್ತದ ತಿಳಿ ಉಳಿದಿತ್ತು. ಕಿರುಬೆರಳಿನಷ್ಟು ಟ್ಯೂಬು, ಒಂದೇ ಒಂದು. ಮಾತಾಡಿಸಲು ಮನೆಗೆ ಹೋಗಿದ್ದ, ಅದೇ ಪ್ರಯೋಗಾಲಯದ ರವಿಕಿರಣ ಬಾಯಿ ತಪ್ಪಿ ಅದನ್ನು ಹೇಳಿಬಿಟ್ಟಿದ್ದ. ಈಗ ಪಂಚಪ್ಪನ ಹೆಂಡತಿ ಚನ್ನಕ್ಕ ಬಂದು ರಕ್ಷಾಳ ಎದುರಿಗೆ ಕೂತಿದ್ದಳು.

"ಮನುಷ್ಯಾ ಪೂರ್ತಿ ಮಣ್ಣಿಗೆ ಹೋಗಬೇಕವ್ವಾ. ಅರ್ಧಾ ಇಲ್ಲೆ ಥಂಡ್ಯಾಗ ಉಳದ್ರ ಅವರಿಗೆ ನಿದ್ದಿ ಹೆಂಗ ಹತ್ತತೈತಿ? ಕೊಟ್ಬಿಡು. ಊರಿಗೆ ಒಯ್ದು ಸಮಾಧ್ಯಾಗ ಇಟ್ಟು ಬರ್ತೇನಿ."

ರಕ್ಷಾ ಸಂಶೋಧನೆಯ ಹುಡುಗಿ. ತಣಿಸಂದ್ರದಿಂದ ಸ್ಕೂಟರಿನಲ್ಲಿ ಲಾರಿಗಳ ನಡುವೆ ನುಗ್ಗಿ ಬರುವಾಗ ಯಮನೂ ಎಡಕ್ಕೆ ಸರಿದು ದಾರಿ ಬಿಡುತ್ತಿದ್ದ. ಆದರೆ ಸೂಜಿ ಕಂಡರೆ ಮೂರ್ಛೆ. ಅವಳ ಕೆಲಸವೋ, ರಕ್ತದ ಪ್ರೋಟೀನಿಗೆ ಜಾಗ ತೋರಿಸುವುದು. ದೇಹದೊಳಗೆ ಇಡುವ ಪ್ಲಾಸ್ಟಿಕ್ಕಿಗೆ ಪ್ರೋಟೀನು ಸಿಕ್ಕಸಿಕ್ಕಲ್ಲಿ ಅಂಟಿದರೆ ರಕ್ತ ಹೆಪ್ಪುಗಟ್ಟುತ್ತದೆ. ಅದಕ್ಕೇ ಅವಳು ಪಾಲಿಮರ್ ಹಾಳೆಯ ಮೇಲೆ ಕೂದಲಿಗಿಂತ ಸಣ್ಣ ಚುಕ್ಕಿಗಳನ್ನು ಅಚ್ಚೊತ್ತುತ್ತಿದ್ದಳು. ಪ್ರೋಟೀನು ಚುಕ್ಕಿಯ ಮೇಲೆ ಮಾತ್ರ ಕೂರಬೇಕು, ಸುತ್ತಲಿನ ಬಯಲಿಗೆ ಕಾಲಿಡಕೂಡದು.

"ನಿಮ್ಮ ರಕ್ತ ಯಾಕ್ರೀ ಮೇಡಂ, ಅದು ಬರೇ ಕಾಫಿ. ನಂದು ಜ್ವಾಳದ ರೊಟ್ಟಿ ರಕ್ತ, ತೊಗೊಳ್ರಿ" ಎಂದು, ಪರೀಕ್ಷೆಗೆ ರಕ್ತ ಬೇಕಾದಾಗ, ಗದಗ ಕಡೆಯ ಅಟೆಂಡರ್ ಪಂಚಪ್ಪನೇ ತೋಳು ಚಾಚಿದ್ದ. ವರ್ಷವಿಡೀ ಪರೀಕ್ಷೆ ನಡೆದದ್ದು ಅವನ ರಕ್ತದಲ್ಲೇ. ಇನ್ನೊಂದೇ ಪರೀಕ್ಷೆ ಬಾಕಿ, ಅದೂ ಅದೇ ರಕ್ತದಲ್ಲಾಗಬೇಕು. ಇಲ್ಲದಿದ್ದರೆ ಎಲ್ಲವೂ ಮೊದಲಿನಿಂದ. ಅಷ್ಟರಲ್ಲಿ, ಕೋಗಿಲು ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತ ನಿಂತವನ ಎದೆ ನಿಂತುಹೋಗಿತ್ತು.

"ತಂದ್ಕೊಡ್ತೀನಿ ಅಮ್ಮ, ಕೂತಿರಿ" ಎಂದು ರಕ್ಷಾ ಎದ್ದಳು.

ಫ್ರೀಜರಿನಲ್ಲಿ ಪಂಚಪ್ಪನ ಪಕ್ಕದಲ್ಲೇ, ಹೋಲಿಸಿ ನೋಡಲೆಂದು ಇಟ್ಟಿದ್ದ ರವಿಕಿರಣನ ರಕ್ತದ ಟ್ಯೂಬು. ಅದೇ ತಿಳಿಹಳದಿ. ಗುರುತು ಹಿಡಿಯುವವರು ಯಾರು? ಅವಳ ಕೈ ಅದನ್ನೇ ಎತ್ತಿ ಕೋಟಿನ ಜೇಬಿಗೆ ಇಳಿಸಿತು. ಕ್ಯಾಂಟೀನಿನಲ್ಲಿ ಬಿರಿಯಾನಿ ಬಾರಿಸುತ್ತಿದ್ದ ರವಿಕಿರಣನಿಗೆ, ಗದಗದ ಕಡೆ ತನಗೊಂದು ಸಮಾಧಿ ಸಿದ್ಧವಾಗುತ್ತಿರುವ ಸುಳಿವೂ ಇರಲಿಲ್ಲ.

ವಾಪಸ್ಸು ಬಂದರೆ ಚನ್ನಕ್ಕ ಎದ್ದು ನಿಂತಿದ್ದಳು.

"ಕೊಡಾಕ ಮದ್ಲ, ಅವರು ಇಲ್ಲಿ ಮಾಡಿದ್ದು ಏನಂತ ತೋರ್ಸವ್ವಾ. ನನ್ನ ರಕ್ತ ಬೆಳಕ ಬಿಡತೈತಿ ಅಂತ ಮನ್ಯಾಗ ಜಂಬ ಕೊಚ್ಚತಿದ್ರು. ಕುಡದು ಬಂದಾರ ಅನ್ಕೊಂಡಿದ್ದೆ."

ರಕ್ಷಾ ಹಳೆಯ ಹಾಳೆಯೊಂದನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ದೀಪ ಆರಿಸಿದಳು. ಬಣ್ಣ ಹಚ್ಚಿದ ಪ್ರೋಟೀನು ಹಸಿರಾಗಿ ಹೊಳೆಯಿತು. ಕಪ್ಪು ಬಯಲಿನಲ್ಲಿ ಸಾಲು ಸಾಲು ಚುಕ್ಕಿ. ಲೋಕದ ಊರುಗಳೆಲ್ಲ ಒಟ್ಟಿಗೇ ದೀಪ ಹಚ್ಚಿದರೂ ಅಷ್ಟು ಶಿಸ್ತು ಬಾರದು.

ಚನ್ನಕ್ಕ ಬಾಗಿ ಕಣ್ಣಿಟ್ಟಳು.

"ಇವರ?"

"ಹೂಂ ಅಮ್ಮ. ಅವರೇ."

"ಮನ್ಯಾಗ ಒಂದ ದಿನಾ ಹೇಳಿದಲ್ಲೆ ಕುಂತವರಲ್ಲ. ನಿನ್ನ ಮಾತು ಕೇಳ್ಯಾರ ನೋಡು!" ಎಂದು ನಕ್ಕಳು. ನಗು ಅರ್ಧದಲ್ಲೇ ಒಡೆಯಿತು. ಕಣ್ಣು ಮಾತ್ರ ಅಲ್ಲಿಂದ ಮೇಲೇಳಲಿಲ್ಲ.

ರಕ್ಷಾಳ ಜೇಬಿನಲ್ಲಿದ್ದ ಕಿರುಬೆರಳಿನಷ್ಟು ಟ್ಯೂಬು ನಂದಿಬೆಟ್ಟದ ತೂಕಕ್ಕೆ ಬಂತು. ಹೋಗಿ ಅದನ್ನು ಇದ್ದಲ್ಲೇ ಇಟ್ಟಳು. ಪಂಚಪ್ಪನದನ್ನು ತಂದು ಚನ್ನಕ್ಕನ ಅಂಗೈಯಲ್ಲಿಟ್ಟಳು.

"ಹಳದಿ ಐತಲ್ಲ?"

"ಕೆಂಪು ತೆಗೆದ್ರೆ ಹಿಂಗೇ ಇರತ್ತೆ. ಇದು ಅವರದೇ ಅಮ್ಮ."

"ಆ ಹಾಳ್ಯಾಗ ಇರೋದು?"

"ಅದು ಅಂಟ್ಕೊಂಡಿದೆ, ಬಿಡಿಸಕ್ಕಾಗಲ್ಲ. ಬೇಕಾದ್ರೆ ಹಾಳೇನೇ ತಗೊಂಡೋಗಿ."

ಚನ್ನಕ್ಕ ಮತ್ತೊಮ್ಮೆ ಬಾಗಿ ನೋಡಿದಳು. "ಬ್ಯಾಡ. ಕುಂತಾರಲ್ಲ, ಕುಂದರ್ಲಿ." ಟ್ಯೂಬನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ಇದನ್ನ ಒಯ್ದರ ನಿನಗೇನೂ ತ್ರಾಸ ಇಲ್ಲಲ್ಲವ್ವಾ?"

"ಏನೂ ಇಲ್ಲ" ಎಂದಳು ರಕ್ಷಾ. ಆ ದಿನ ಅವಳು ಚನ್ನಕ್ಕನ ಕೈಗೆ ಕೊಟ್ಟ ಸುಳ್ಳು ಅದೊಂದೇ.

ಬಸ್ಸು ಹತ್ತಿಸಿ ಬಂದವಳು ನೆಟ್ಟಗೆ ರಕ್ತ ತೆಗೆಯುವ ಕೋಣೆಗೆ ಹೋದಳು. ಕೋಟಿನ ತೋಳು ಮಡಚಿ, ಮುಖವನ್ನು ಗೋಡೆಗೆ ತಿರುಗಿಸಿದಳು.

"ನೀವಾ?" ನರ್ಸ್ ಹುಬ್ಬೇರಿಸಿದಳು. "ಎಷ್ಟು ಟ್ಯೂಬ್ ಬೇಕು?"

"ಮೊದಲಿಂದ ಶುರು ಮಾಡೋಕೆ ಎಷ್ಟು ಬೇಕೋ ಅಷ್ಟು. ಬರೀ ಕಾಫಿ ಇದೆ ಸಿಸ್ಟರ್, ತಗೊಳ್ಳಿ."