ಗಂಟಿಲ್ಲದ ಸೆರಗು

ಸುನೀಲಕುಮಾರ ಸೆರಗನ್ನು ತಿರುವಿ ಮೇಜಿನ ಮೇಲೆ ಒಗೆದ.

"ನೋಡಿಲ್ಲಿ. ಮುಂದ ಛಂದ ಐತಿ. ಹಿಂದ ನೋಡಿದ್ರ ಕೋಳಿ ಕೆದರಿಧಂಗ ಐತಿ."

ಮಹೇಶ್ವರಿ ತನ್ನ ಹೊಲಿಗೆ ಮಷಿನ್ ಬಿಟ್ಟು ಎದ್ದು ಬಂದಳು. ಸೀರೆಗಳಿಗೆ ಫಾಲು ಹಚ್ಚುವುದು ಹತ್ತು ತಿಂಗಳಿಂದ ಅವಳ ಕೆಲಸ. ಇಳಕಲ್ಲಿನ ಆ ಶೆಡ್ಡಿನಲ್ಲಿ ನಾಲ್ಕು ಕಂಪ್ಯೂಟರ್ ಕಸೂತಿ ಮಷಿನ್ನುಗಳು ಒಂದೇ ಸಮ ಬಡಿದುಕೊಳ್ಳುತ್ತಿದ್ದವು. ಅವು ಹಾಕುತ್ತಿದ್ದ ಆನೆ, ನವಿಲು, ಗೋಪುರದ ನಕಾಶಿಗಳೆಲ್ಲ ಅವಳವೇ. ಆದರೆ ಆ ಮಷಿನ್ನುಗಳ ಹತ್ತಿರ ಹೋಗಲು ಅವಳಿಗೆ ಅಪ್ಪಣೆ ಇರಲಿಲ್ಲ.

"ಬಾಬಿನ್ನಿಗೆ ಬಿಳಿ ದಾರ ಹಾಕ್ಯಾರ್ರಿ ಭಾವಾರ. ಮ್ಯಾಲಿನ ಬಣ್ಣಾನ ಕೆಳಗೂ ಹಾಕಬೇಕು."

"ಅದು ನನಗೂ ತಿಳೀತೈತಿ. ಈ ಗಂಟು? ಕೈ ಆಡಿಸಿದ್ರ ಚುಚ್ಚತಾವ."

"ಅವು ಗಂಟಲ್ರಿ. ನಕಾಶಿ ಸುರು ಆಗೂಮುಂದ, ಮುಗಿಯೂಮುಂದ ಮಷಿನ್ ಒಂದ ತೂತಿನ್ಯಾಗ ಮೂರು ನಾಕು ಟಾಕಿ ಹಾಕ್ತೈತಿ. ದಾರ ಬಿಚ್ಚಬಾರದಂತ. ಅದನ್ನ ತಗದ್ರ..."

"ನನಗ ಪಾಠ ಹೇಳಬ್ಯಾಡ. ನಮ್ಮವ್ವ ಐವತ್ತು ವರ್ಷ ಕಸೂತಿ ಹಾಕ್ಯಾಳ, ಒಂದರ ಗಂಟು ಇತ್ತೇನು? ತಗಿ ಅಂದ್ರ ತಗಿ. ನಲವತ್ತು ನಕಾಶಿಯಾಗೂ ತಗಿ. ಮುಂದಿನ ಸೋಮವಾರ ಬಾದಾಮ್ಯಾಗ, ನಮ್ಮ ಮಾವನ ಮನ್ಯಾಗ ಶೀಲಾನ ಕುಬಸ. ಬಸುರಿ ಉಡಿ ತುಂಬೂಮುಂದ ಅವರ ಆಯಿ ಮೊದಲು ಸೆರಗು ತಿರುವಿ ನೋಡ್ತಾಳ."

ಮಹೇಶ್ವರಿ ಹೇಳಬೇಕೆಂದಿದ್ದ ಮಾತು ನಾಲಿಗೆಯ ಮೇಲಿತ್ತು. ಅದನ್ನು ನುಂಗಿದಳು.

"ಆತ್ರಿ. ತಗೀತೇನಿ" ಎಂದಳು.

ಅವಳು ಕಲಾದಗಿಯ ಹುಡುಗಿ. ಧಾರವಾಡದಲ್ಲಿ ಜವಳಿ ವಿಷಯ ಓದಿ ಬಂದವಳು. ಸುನೀಲಕುಮಾರನ ತಮ್ಮ ನಾಗಲಿಂಗನನ್ನು ಮದುವೆಯಾದ ಮೇಲೆ ಗಂಡ ಹೆಂಡತಿ ಇಬ್ಬರೂ ಕೂಡಿ ಒಂದು ಕೆಲಸ ಹಿಡಿದರು. ಅತ್ತೆ ಗುರುಲಿಂಗವ್ವ ಹರೆಯದಲ್ಲಿ ಹಾಕಿದ ಕಸೂತಿಯ ಸೀರೆಗಳನ್ನು ಪೆಟ್ಟಿಗೆಯಿಂದ ತೆಗೆದು, ಒಂದೊಂದು ಎಳೆ ಎಣಿಸಿ, ಕಂಪ್ಯೂಟರಿಗೆ ಇಳಿಸಿದರು. ಅವಳು ಎಣಿಸುವಳು, ಅವನು ಬರೆಯುವನು. ತಪ್ಪಿದರೆ ಅತ್ತೆ ಬೈಯುವಳು. ಆರು ವರ್ಷಕ್ಕೆ ನಲವತ್ತು ನಕಾಶಿಗಳಾದವು.

ಹುನಗುಂದದ ರಸ್ತೆಯಲ್ಲಿ ನಾಗಲಿಂಗನ ಬೈಕಿಗೆ ಲಾರಿ ಬಡಿಯಿತು. ಮಣ್ಣಾದ ಐದನೆಯ ದಿನ ಮಹೇಶ್ವರಿ ಒಳಗಿನ ಕೋಣೆಯಲ್ಲಿ ಗೋಡೆ ಹಿಡಿದು ಕುಳಿತಿದ್ದಾಗ ಸುನೀಲಕುಮಾರ ಬಂದು ಕಂಪ್ಯೂಟರನ್ನೂ ಪೆನ್‌ಡ್ರೈವನ್ನೂ ಒಯ್ದ. "ನಿನಗ ಇದೆಲ್ಲ ಯಾಕ ಇನ್ನ" ಎಂದ. ಅಷ್ಟೇ. ಮೂರು ತಿಂಗಳಿಗೆ ಸೀರೆಯ ಡಬ್ಬಿಗಳಲ್ಲಿ ಅವನ ಫೋಟೊ ಇರುವ ಚೀಟಿ ಬಂತು. ಕೆಳಗೆ ಅಚ್ಚಾಗಿತ್ತು: ನಕಾಶಿ, ಸುನೀಲಕುಮಾರ.

ಅವಳು ಅಳಲಿಲ್ಲ. ಅತ್ತು ಮುಗಿದಿತ್ತು. ಎಲ್ಲರೂ ಅವಳನ್ನು ಬಹಳ ತಾಳ್ಮೆಯವಳು ಎಂದರು.

ಆ ಮಧ್ಯಾಹ್ನ ಹತ್ತು ತಿಂಗಳ ನಂತರ ಅವಳು ಆ ಕಂಪ್ಯೂಟರಿನ ಮುಂದೆ ಕುಳಿತಳು. ಕೀಲಿಮಣೆಯ ಮೂಲೆಯಲ್ಲಿ ನಾಗಲಿಂಗ ಚಹಾ ಚೆಲ್ಲಿದ ಕಲೆ ಹಾಗೇ ಇತ್ತು. ಒಂದೊಂದೇ ನಕಾಶಿ ತೆರೆದಳು. ಕೊನೆಯದು ತೊಟ್ಟಿಲು. ಆ ತೊಟ್ಟಿಲನ್ನು ನಾಗಲಿಂಗ ತಮ್ಮ ಮನೆಗೆಂದು ಬರೆದಿದ್ದ.

ಮೊದಲು ಅವಳಿಗೆ ಹೊಳೆದದ್ದು ಬೇರೆಯೇ. ದಪ್ಪ ಸೂಜಿ ಹಾಕಿ, ಒಂದೇ ಗೆರೆಯ ಮೇಲೆ ನಾಲ್ಕು ಸಲ ಓಡಿಸಿದರೆ ರೇಷ್ಮೆ ಸೆರಗು ಅಂಚೆ ಚೀಟಿಯಂತೆ ತೂತುಗಳ ಸಾಲಾಗುತ್ತದೆ. ಒಂದು ಸಲ ಜಗ್ಗಿದರೆ ಸಾಕು, ಹರಿಯುತ್ತದೆ. ಬಾದಾಮಿಯಲ್ಲಿ ನೂರು ಮಂದಿಯ ಮುಂದೆ ಹರಿಯಲಿ ಎಂದುಕೊಂಡಳು. ಆದರೆ ಶೀಲಾಳ ಉಡಿಗೆ ಹಾಕುವ, ಕೆಂಪು ಸೆರಗಿನ ಆ ಕಪ್ಪು ಚಂದ್ರಕಾಳಿ ಸೀರೆಯನ್ನು ನೇಯ್ದವನು ಗುಡೂರಿನ ಇಬ್ರಾಹಿಂಸಾಬ. ಎಂಟು ದಿನ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವನು ಅವನು. ಅವಳ ಮದುವೆಯ ಸೀರೆಯೂ ಅವನ ಮಗ್ಗದ್ದೇ. ಸೂಜಿಯನ್ನು ಬದಲಿಸಲಿಲ್ಲ.

ಭಾವ ಹೇಳಿದ್ದನ್ನೇ ಮಾಡಿದಳು. ಎಲ್ಲ ನಕಾಶಿಗಳ ಮೊದಲ ಟಾಕಿ, ಕೊನೆಯ ಟಾಕಿ ತೆಗೆದಳು. ಹೊಲಿಗೆ ತುಸು ಉದ್ದ ಮಾಡಿದಳು. ದಾರದ ಬಿಗಿ ಇಳಿಸಿದಳು. ಕೈಕಸೂತಿಯಲ್ಲೂ ಗಂಟು ಇರುವುದಿಲ್ಲ, ಖರೆ. ಆದರೆ ಕೊನೆಗೆ ಉಳಿದ ದಾರದ ಬಾಲವನ್ನು ಹಿಂದಿನ ಹೊಲಿಗೆಗಳ ಅಡಿಯಲ್ಲಿ ಎರಡು ಬೆರಳಿನಷ್ಟು ಹಿಂದಕ್ಕೆ ಒಯ್ದು ಅಡಗಿಸುತ್ತಾರೆ. ಕಸೂತಿ ಕಲಿಯುವ ಹುಡುಗಿಯರಿಗೆ ಮೊದಲ ದಿನ ಹೇಳುವ ಪಾಠ ಅದು. ಸುನೀಲಕುಮಾರ ಗುರುಲಿಂಗವ್ವನ ಹೊಟ್ಟೆಯಲ್ಲೇ ಹುಟ್ಟಿದವನಾದರೂ ಅವಳ ಕೈಯನ್ನು ಒಂದು ದಿನವೂ ನೋಡಿದವನಲ್ಲ.

ಮಷಿನ್ ನಡೆಸುವ ತಬಸುಮ ಮೊದಲ ಸೆರಗು ಇಳಿಸಿ, ಬಟ್ಟೆ ಸುಕ್ಕಾಗದಂತೆ ಅಡಿಗಿಟ್ಟ ಹಾಳೆಯನ್ನು ನೀರಿನಲ್ಲಿ ಕರಗಿಸಿ, ತಿರುವಿ ನೋಡಿದಳು.

"ಯಕ್ಕಾ, ಮುಂದ ಯಾವುದು, ಹಿಂದ ಯಾವುದು, ಗೊತ್ತs ಆಗವಲ್ದು." ಆಮೇಲೆ ದನಿ ಇಳಿಸಿದಳು. "ಇದು ನಿಲ್ತೈತೇನ್ರಿ?"

"ಬಾಲ ಕೈಲೆ ಒಳಗ ಹಾಕಿದ್ರ ನಿಲ್ತೈತಿ."

"ಯಾರು ಹಾಕಬೇಕು?"

"ಚೀಟಿ ಮ್ಯಾಲೆ ಯಾರ ಹೆಸರು ಐತಿ?"

ತಬಸುಮ ಅವಳ ಮುಖವನ್ನೇ ನೋಡಿದಳು. "ನಾ ಏನೂ ನೋಡಿಲ್ರಿ ಯಕ್ಕಾ" ಎಂದು ಮತ್ತೊಂದು ಸೆರಗನ್ನು ರಿಂಗಿಗೆ ಬಿಗಿದಳು.

ಶನಿವಾರದ ಹೊತ್ತಿಗೆ ಅರವತ್ತು ಸೀರೆ ಮುಗಿದು ಬಾಗಲಕೋಟೆಗೆ ಹೋದವು. ಅಲ್ಲಿಯ ದೊಡ್ಡ ಸೀರೆ ಅಂಗಡಿ ಶೀಲಾಳ ತಂದೆ, ಬಾದಾಮಿಯ ಅಂದಾನಪ್ಪನದು. ಕುಬಸದ ದಿನ ಚಂದ್ರಕಾಳಿಯನ್ನು ಎಲ್ಲರೂ ಮೆಚ್ಚಿದರೆ ಇನ್ನು ಮುಂದೆ ಅವನ ಅಂಗಡಿಯ ಕಸೂತಿಯೆಲ್ಲ ಅಳಿಯನಿಗೇ ಎಂದು ಮಾತಾಗಿತ್ತು.

ಚಂದ್ರಕಾಳಿಯನ್ನು ಮಹೇಶ್ವರಿ ಮನೆಗೆ ಒಯ್ದಳು. ಸೆರಗಿನ ತುಂಬ ಆನೆ, ಅಂಬಾರಿ, ಹಣತೆ, ನವಿಲು. ನಡುವೆ ತೊಟ್ಟಿಲು. ಆ ತೊಟ್ಟಿಲಿನ ಬಾಲವನ್ನಷ್ಟೇ ಸಣ್ಣ ಸೂಜಿಗೆ ಪೋಣಿಸಿ, ಹಿಂದಕ್ಕೆ ಒಯ್ದು, ಅಡಗಿಸಿದಳು. ಶೀಲಾಗೆ ಎಂಟು ವರ್ಷದ ಮೇಲೆ ನಿಂತ ಬಸಿರು ಅದು. ನಾಗಲಿಂಗ ಸತ್ತ ದಿನ ಹೆಂಗಸರು ಬಳೆ ಒಡೆಯಲು ಬಂದಾಗ ಅಡ್ಡ ನಿಂತು, "ಆಕಿ ಕೈಯಾಗ ಇದ್ರ ನಿಮಗೇನು ಭಾರ?" ಎಂದು ಕೇಳಿದ್ದವಳು ಶೀಲಾ ಒಬ್ಬಳೇ. ಬಳೆಗಳು ಇನ್ನೂ ಕೈಯಲ್ಲಿದ್ದವು.

ಭಾನುವಾರ ಸುನೀಲಕುಮಾರನ ಮನೆಯ ಕಟ್ಟೆಯ ಮೇಲೆ ಕೂತ ಗುರುಲಿಂಗವ್ವ ಸೀರೆ ನೋಡಬೇಕೆಂದಳು. ಮುದುಕಿಯ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಸೆರಗನ್ನು ತೊಡೆಯ ಮೇಲೆ ಹರವಿ ಬೆರಳು ಆಡಿಸಿದಳು. ಆನೆಯ ಸೊಂಡಿಲಿನ ತುದಿಗೆ ಬೆರಳು ನಿಂತಿತು.

"ಬಾಲ ಬಿಟ್ಟೀಯಲ್ಲ ತಂಗಿ."

ಮಹೇಶ್ವರಿ ಸೆರಗಿನ ಇನ್ನೊಂದು ತುದಿಯನ್ನು ಹಿಡಿದು ಕೂತಳು.

ಬೆರಳು ನವಿಲಿಗೆ ಹೋಯಿತು. ಹಣತೆಗೆ ಹೋಯಿತು. "ಇದಕ್ಕೂ ಬಿಟ್ಟಿ. ಇದಕ್ಕೂ." ಎರಡೂ ಕಡೆ ಕೈಯಾಡಿಸಿದಳು. ಹಿರಿಯ ಮಗನ ಮನೆಯಲ್ಲಿ ಉಣ್ಣುವವಳು ಅವಳು. ಮಗ ಕಂಪ್ಯೂಟರ್ ಹೊತ್ತುಕೊಂಡು ಬಂದ ದಿನ ಇದೇ ಕಟ್ಟೆಯ ಮೇಲೆ ಕುಳಿತಿದ್ದಳು, ಬಾಯಿ ಬಿಟ್ಟಿರಲಿಲ್ಲ.

"ತೊಟ್ಟಲದ್ದು?"

"ಅದನ್ನ ಅಡಗಿಸೇನ್ರಿ ಅತ್ತಿ."

ಮುದುಕಿ ತೊಟ್ಟಿಲನ್ನು ಉಗುರಿನಿಂದ ಕೆದಕಿ ನೋಡಿದಳು. ಬಾಲ ಸಿಗಲಿಲ್ಲ.

"ಹಂಗಾರ ಮಡಚಿ ಇಡು. ಸುಕ್ಕ ಬೀಳತಾವ" ಎಂದಳು.

ಬಾದಾಮಿಯಲ್ಲಿ ಅಂದಾನಪ್ಪನ ಮನೆಯ ಪಡಸಾಲೆ ತುಂಬಿತ್ತು. ಬಸವಣ್ಣನ ಫೋಟೊಕ್ಕೆ ದಪ್ಪ ಹಾರ. ಅದರ ಕೆಳಗೆ ಮಣೆಯ ಮೇಲೆ ಶೀಲಾ. ಕಾರಿನಿಂದ ಇಳಿಯುತ್ತಲೇ ಸುನೀಲಕುಮಾರ ಮಹೇಶ್ವರಿಯ ಹತ್ತಿರ ಬಂದು ಹೇಳಿದ್ದ: "ನೀ ಅಡಿಗಿ ಮನ್ಯಾಗ ಇರು. ನಾ ಅನ್ನೂದಲ್ಲ, ಮಂದಿ ಏನರ ಅಂತಾರ." ಅವಳು ಹೋಳಿಗೆಯ ಕಣಕ ನಾದುತ್ತ ಬಾಗಿಲಿನ ಸಂದಿಯಿಂದ ನೋಡುತ್ತಿದ್ದಳು.

ಉಡಿಯಲ್ಲಿ ಕೊಬ್ಬರಿ ಬಟ್ಟಲು, ಉತ್ತುತ್ತಿ, ಮೇಲೆ ಚಂದ್ರಕಾಳಿ. ಹೆಂಗಸರು ಬಗ್ಗಿ ನೋಡಿ, "ಯವ್ವಾ, ಮಷಿನ್ನಿಂದು ಅನ್ನಂಗಿಲ್ಲ ಬಿಡು" ಎಂದರು. ಸುನೀಲಕುಮಾರ ಬೀಗರ ನಡುವೆ ನಿಂತು, ಎಳೆ ಎಣಿಸಿ ಎಣಿಸಿ ತನ್ನ ಕಣ್ಣು ಹೋದವೆಂದು ಹೇಳುತ್ತಿದ್ದ.

ಶೀಲಾಳ ಆಯಿ, ಅಂದಾನಪ್ಪನ ತಾಯಿ ಹುಚ್ಚವ್ವ ಎಂಬತ್ತು ದಾಟಿದವಳು. ಕೈ ಊರಿ ಎದ್ದು ಬಂದು ಸೆರಗು ತಿರುವಿದಳು. ಮೂಗಿನ ಹತ್ತಿರ ಹಿಡಿದಳು. ಮತ್ತೆ ತಿರುವಿದಳು.

"ಶಾಬಾಸ್ ಅಳಿಯಾ. ಎರಡೂ ಕಡಿ ಒಂದs. ನೀನs ಹಾಕಿದಿ?"

"ನಾನs ಆಯಿ. ನಕಾಶಿ ಬರೆದಾಂವ ನಾನs."

"ಬಾಲ ಎಲ್ಲೆ ಅಡಗಿಸಿಯಪಾ?"

"ಬಾಲ?" ಸುನೀಲಕುಮಾರ ಸೆರಗಿನ ಆನೆಯನ್ನು ನೋಡಿದ. "ಇಲ್ಲೇ ಐತೆಲ್ಲ ಆಯಿ, ಹಿಂದಿನ ಕಾಲಿನ ಮ್ಯಾಲೆ."

ಪಡಸಾಲೆಯ ಹೆಂಗಸರೆಲ್ಲ ಒಮ್ಮೆಲೇ ನಕ್ಕರು. ಒಬ್ಬಳಿಗೆ ಕೆಮ್ಮೇ ಹತ್ತಿತು. "ಆನಿ ಬಾಲ ತೋರಸ್ತಾನ ನೋಡ್ರೆವಾ!" ಎಂದು ಯಾರೋ ಕೂಗಿದರು.

ಹುಚ್ಚವ್ವ ನಗಲಿಲ್ಲ. "ದಾರದ ಬಾಲೋ ಮಾರಾಯಾ. ಕಸೂತಿ ಹಾಕಿದಾವಗ ಅದು ಗೊತ್ತಿರೂದಿಲ್ಲೇನು?" ಎನ್ನುತ್ತ ಸೊಂಡಿಲಿನ ತುದಿಯಲ್ಲಿ ಬೆರಳಾಡಿಸಿದಳು. ಏನೋ ಸಿಕ್ಕಿತು. ಎರಡು ಉಗುರಿನಲ್ಲಿ ಹಿಡಿದು ಎಳೆದಳು.

ಸೊಂಡಿಲು ಹೋಯಿತು. ತಲೆ ಹೋಯಿತು. ಅಂಬಾರಿ, ಬೆನ್ನು, ನಾಲ್ಕು ಕಾಲು, ಕೊನೆಗೆ ಆ ಬಾಲವೂ ಹೋಯಿತು. ಮುದುಕಿಯ ಕೈಯಲ್ಲಿ ಮೊಳಗಟ್ಟಲೆ ಹಳದಿ ದಾರ ಉಳಿಯಿತು. ಕೆಂಪು ಸೆರಗಿನ ಮೇಲೆ ಒಂದು ತೂತು ಕೂಡ ಇರಲಿಲ್ಲ.

"ಅಯ್ಯ ಶಿವನ!"

"ಆಯಿ, ಎಳೀಬ್ಯಾಡ್ರಿ, ಎಳೀಬ್ಯಾಡ್ರಿ!" ಸುನೀಲಕುಮಾರ ಮುಂದೆ ಬಂದ. ಹುಚ್ಚವ್ವ ಅವನ ಕೈ ತಳ್ಳಿ ನವಿಲನ್ನು ಹಿಡಿದಿದ್ದಳು. ನವಿಲು ಬಂತು. ಹಣತೆಗಳು ಒಂದರ ಹಿಂದೆ ಒಂದು ಬಂದವು. ದಾರ ಜಮಖಾನದ ಮೇಲೆ ಬೀಳುತ್ತ ಹೋಯಿತು. ಅಡಿಗೆ ಮನೆಯ ಸಂದಿಯಲ್ಲಿ ಮಹೇಶ್ವರಿ ಒಂದೊಂದನ್ನೂ ಎಣಿಸಿದಳು. ಹತ್ತು ತಿಂಗಳಲ್ಲಿ ಮೊದಲ ಸಲ ಅವಳಿಗೆ ಹಸಿವಾಯಿತು.

ತೊಟ್ಟಿಲಿನ ಹತ್ತಿರ ಮುದುಕಿಯ ಉಗುರು ನಿಂತಿತು. ಈ ಕಡೆ ನೋಡಿದಳು, ಆ ಕಡೆ ನೋಡಿದಳು.

"ಇದರದು ಸಿಗವಲ್ದು. ಇದನ್ನ ಬಲ್ಲಾಕಿ ಕೈ ಮುಟ್ಟೇತಿ. ಯಾರಾಕಿ?"

ಗೋಡೆಗೆ ಒರಗಿ ಕೂತ ಗುರುಲಿಂಗವ್ವ ಬಾಯಿ ಬಿಟ್ಟಳು. "ನನ್ನ ಸಣ್ಣ ಸೊಸಿ. ಅಡಿಗಿ ಮನ್ಯಾಗ ಕುಂದ್ರಿಸ್ಯಾರ. ನಲವತ್ತು ನಕಾಶಿನೂ ಆಕಿವು, ನನ್ನ ಸತ್ತ ಮಗನವು. ಈ ಮಗ ಹೊತಗೊಂಡ ಬಂದಾನ."

"ಯವ್ವಾ!" ಎಂದ ಸುನೀಲಕುಮಾರ.

"ಯವ್ವಾ ಅನಬ್ಯಾಡ. ಅವತ್ತ ಸುಮ್ಮಿದ್ದಿನಿ, ಸಾಕು."

ಶೀಲಾಳೇ ಕರೆದಳು. "ಮಹೇಶ್ವರೀ, ಹೊರಗ ಬಾ." ಕೈಗೆ ಮೆತ್ತಿದ ಹಿಟ್ಟು ಒರೆಸಿಕೊಳ್ಳದೆ ಮಹೇಶ್ವರಿ ಪಡಸಾಲೆಗೆ ಬಂದು ಬಸವಣ್ಣನ ಫೋಟೊದ ಕೆಳಗೆ ನಿಂತಳು. ಸುನೀಲಕುಮಾರ ಹಲ್ಲು ಕಚ್ಚಿ, ಅವಳಿಗೆ ಮಾತ್ರ ಕೇಳುವಂತೆ, "ಏನ ಮಾಡಿದೀ ನೀ?" ಎಂದ.

ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು. "ನೀವs ಹೇಳಿದ್ರೆಲ್ಲ ಭಾವಾರ, ಗಂಟು ಕಾಣಬಾರದು, ಪಾಠ ಹೇಳಬ್ಯಾಡ ಅಂತ. ತಗದೆ. ಹೇಳಲಿಲ್ಲ."

ಅಂದಾನಪ್ಪನ ಮುಖ ಬಿಗಿಯಿತು. "ತಂಗಿ, ನನ್ನ ಅಂಗಡ್ಯಾಗ ಅರವತ್ತು ಸೀರಿ ಅದಾವ."

"ಅವುಗಳ ನಕಾಶಿನೂ ಎಳದ್ರ ಬರ್ತಾವ್ರಿ. ಬಟ್ಟಿಗೆ ಏನೂ ಆಗೂದಿಲ್ಲ, ಮಗ್ಗದ ನೇಯ್ಗಿ ಗಟ್ಟಿ ಐತಿ. ಚೀಟೀನೂ ತಗದುಬಿಡ್ರಿ."

ಅಂದಾನಪ್ಪ ಅಳಿಯನ ಕಡೆ ತಿರುಗಿದ. "ನಾಳಿ ಗಾಡಿ ತಂದು ಅಷ್ಟೂ ಒಯ್ರಿ" ಎಂದ.

ಹುಚ್ಚವ್ವ ಬರಿದಾದ ಸೆರಗನ್ನು ಮಹೇಶ್ವರಿಯ ಮುಂದೆ ಹಿಡಿದಳು. "ಕೂಸು ಹುಟ್ಟೂದ್ರಾಗ ಇದನ್ನ ತುಂಬಿಸಿ ಕೊಡ್ತೀಯೇನವಾ?"

"ಕೊಡ್ತೇನ್ರಿ ಆಯಿ. ಕಂಪ್ಯೂಟರ್ ನನ್ನ ಮನಿಗೆ ಬಂದ ದಿನ ಸುರು ಮಾಡ್ತೇನಿ."

ಶೀಲಾ ಗಂಡನನ್ನು ನೋಡಿದಳು. "ಕಂಪ್ಯೂಟರ್ ನಾಳಿ ಅಲ್ಲ, ಇವತ್ತs ಬರ್ತೈತಿ" ಎಂದಳು. ಅವಳ ಅಂಗೈ ತೊಟ್ಟಿಲಿನ ಮೇಲಿತ್ತು.

ಹೆಂಗಸರು ಮತ್ತೆ ಮಾತಿಗೆ ಹತ್ತಿದರು. ಸುನೀಲಕುಮಾರ ಮೊಣಕಾಲೂರಿ ಜಮಖಾನದ ಮೇಲೆ ಬಿದ್ದ ದಾರಗಳನ್ನು ಆರಿಸತೊಡಗಿದ. ನವಿಲಿನದು, ಹಣತೆಗಳದು ಮುಷ್ಟಿಯಲ್ಲಿ ಸುತ್ತಿಕೊಂಡ. ಆನೆಯ ದಾರ ಮಹೇಶ್ವರಿಯ ಪಾದದ ಕೆಳಗಿತ್ತು. ಅವನು ತುದಿ ಹಿಡಿದು ಎಳೆದ. ಬರಲಿಲ್ಲ.

"ಕಾಲ ಎತ್ತು" ಎಂದ, ತಲೆ ಮೇಲೆತ್ತದೆ.

ಅವಳು ಎತ್ತಲಿಲ್ಲ.